ಕೊಲಿಸ್ಟಿನ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ: ಜೀನೋಮ್ ಓದಿದ್ದು, ಯಂತ್ರಕ್ಕೆ ಕಲಿಸಿದ್ದು

ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಬಸಳೆಯ ಹಾಗೆ ಲೋಳೆ ಬಿಡುವ ಬ್ಯಾಕ್ಟೀರಿಯಾ. ಬೇರೆ ಔಷಧಿ ನಾಟದಾಗ ಕೊನೆಗೆ ಕೊಡುವ ಆಂಟಿಬಯಾಟಿಕ್ ಕೊಲಿಸ್ಟಿನ್. ಅದಕ್ಕೂ ಇದು ಬಗ್ಗುತ್ತದೋ ಇಲ್ಲವೋ ಎಂದು ಜೀನೋಮ್ (ಇಡೀ ಡಿಎನ್‌ಎ) ಓದಿ ಹೇಳಲು ಯಂತ್ರಕ್ಕೆ ಕಲಿಸಿದ ಬಗೆ ಇದು. ಡಿಎನ್‌ಎ ತೆಗೆಯುವಾಗ ಬ್ಯಾಕ್ಟೀರಿಯಾದ ಹೊರಕವಚದ ಈ ಲೋಳೆ ಸಕ್ಕರೆಯೂ ಜೊತೆಗೇ ಬಂದು ಕಿಟ್‌ನ ಕಾಲಂ ಕಟ್ಟಿಕೊಳ್ಳುತ್ತದೆ. ರಾತ್ರಿಯಿಡೀ ಬೆಳೆಸಿದ ಬ್ರಾತ್ (ಪೋಷಕ ದ್ರವ) 1.5 ಮಿ.ಲೀ. ಬದಲು 0.5 ಮಿ.ಲೀ. ತೆಗೆದುಕೊಂಡು, ಒಂದು ಸಲ ಹೆಚ್ಚು ತೊಳೆದರೆ ಸರಿಹೋಗುತ್ತದೆ. ಪ್ರೋಟೀನ್ ಬೆರಕೆ ತೋರಿಸುವ 260/280 ಅನುಪಾತ 1.8 ಬಂತೆಂದು ಸಮಾಧಾನಪಡಬೇಡಿ, ಸಕ್ಕರೆ ಉಳಿದದ್ದನ್ನು ತೋರಿಸುವ 260/230 ಕೂಡ ನೋಡಿ. ಈ ಅನುಪಾತ ಅಳೆಯುವ ನ್ಯಾನೊಡ್ರಾಪ್ ಯಂತ್ರ ಆರ್‌ಎನ್‌ಎಯನ್ನೂ ಲೆಕ್ಕಕ್ಕೆ ಸೇರಿಸುವುದರಿಂದ ಪ್ರಮಾಣಕ್ಕೆ ಡಿಎನ್‌ಎಯನ್ನಷ್ಟೇ ಅಳೆಯುವ ಕ್ಯೂಬಿಟ್ಟೇ ಗತಿ.

ಇದರ ಜೀನೋಮ್ ಸುಮಾರು 55 ಲಕ್ಷ ಅಕ್ಷರ. ಇಲ್ಯುಮಿನಾ ಯಂತ್ರದಲ್ಲಿ ಡಿಎನ್‌ಎ ಚೂರುಗಳನ್ನು ಎರಡೂ ತುದಿಯಿಂದ 150 ಅಕ್ಷರ ಓದಿಸಿದರೆ, 100 ಪಟ್ಟು ಓದಿಗೆ (ಪ್ರತಿ ಅಕ್ಷರ ಸರಾಸರಿ ನೂರು ಸಲ) ಸುಮಾರು 18 ಲಕ್ಷ ರೀಡ್ ಜೋಡಿ ಬೇಕು. ಈ ರೀಡ್‌ಗಳನ್ನು ಫಾಸ್ಟ್‌ಪಿ ಪ್ರೋಗ್ರಾಂನಲ್ಲಿ ಸೋಸಿ, ಸ್ಪೇಡ್ಸ್ ಪ್ರೋಗ್ರಾಂನಲ್ಲಿ ಒಂದಕ್ಕೊಂದು ಜೋಡಿಸುತ್ತೇವೆ. (ಕಾಸರಗೋಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಸ್ಪೇಡ್ಸ್‌ನ 'ಕಂಟಿನ್ಯೂ' ಆಯ್ಕೆ ನಿಂತಲ್ಲಿಂದ ಮುಂದುವರಿಸುತ್ತದೆ.) ಜಿಸಿ (ಜಿ ಮತ್ತು ಸಿ ಅಕ್ಷರಗಳ ಪಾಲು) 57%ರ ಆಸುಪಾಸಿರಬೇಕು. ಜೋಡಣೆಯ ಉದ್ದ 65 ಲಕ್ಷ ದಾಟಿದರೆ ಪ್ಲೇಟಿನಲ್ಲಿ ಎರಡು ಜಾತಿ ಬೆರೆತಿರುವ ಸಂಶಯ. ಆಗ ಕಂಪ್ಯೂಟರ್ ಬಿಟ್ಟು ಮತ್ತೆ ಪ್ಲೇಟಿಗೆ ಹೋಗಿ ಒಂಟಿ ಕಾಲೊನಿ ಎತ್ತಬೇಕು.

ಕಷ್ಟ ಶುರುವಾಗುವುದು ಕೊಲಿಸ್ಟಿನ್‌ನಲ್ಲಿ. ಕಾರ್ಬಪೆನೆಮ್ ಔಷಧಿಗಳಿಗೆ ನಿರೋಧ ಕೊಡುವ ಎನ್‌ಡಿಎಂ, ಆಕ್ಸಾ-232 ಹೊರಗಿನಿಂದ ಬಂದು ಸೇರುವ ಜೀನ್‌ಗಳು, ನಿರೋಧ ಜೀನ್‌ಗಳ ಪಟ್ಟಿ ಕೊಡುವ ಎಎಂಆರ್‌ಫೈಂಡರ್‌ಪ್ಲಸ್ ಪ್ರೋಗ್ರಾಂ ಅವನ್ನು ಸುಲಭವಾಗಿ ಹುಡುಕುತ್ತದೆ. ಕೊಲಿಸ್ಟಿನ್ ನಿರೋಧ ಬಹಳ ಸಲ ಬರುವುದು ಎಂಜಿಆರ್‌ಬಿ ಎಂಬ 144 ಅಕ್ಷರದ ಜೀನ್ ಹಾಳಾದಾಗ. ಸುಮಾರು 1,200 ಅಕ್ಷರದ ಇನ್‌ಸರ್ಷನ್ ತುಣುಕೊಂದು ಅದರ ನಡುವೆ ಹೊಕ್ಕಿರುತ್ತದೆ. ಅದೇ ತುಣುಕು ಜೀನೋಮಿನ ಹಲವೆಡೆ ಇರುವುದರಿಂದ ಜೋಡಣೆ ಅಲ್ಲಿಯೇ ಕಡಿಯುತ್ತದೆ. ಅರ್ಧ ಎಂಜಿಆರ್‌ಬಿ ಒಂದು ಕಾಂಟಿಗ್‌ನ (ಜೋಡಿಸಿ ಬಂದ ತುಂಡಿನ) ಕೊನೆಗೆ, ಇನ್ನರ್ಧ ಮತ್ತೊಂದರ ಕೊನೆಗೆ! ಹಾಗಾಗಿ ಪಟ್ಟಿ ನೋಡಿ ಬಿಡದೆ, 144 ಅಕ್ಷರವನ್ನೂ ಬ್ಲಾಸ್ಟ್‌ನಲ್ಲಿ ಜೋಡಣೆಯೊಳಗೆ ಹುಡುಕಿ, ಅರೆಬರೆ ಸಿಕ್ಕಿದರೆ ಮೂಲ ರೀಡ್‌ಗಳನ್ನು ಸರಿಯಾದ ಜೀನ್ ಮೇಲೆ ಕೂರಿಸಿ ನೋಡುತ್ತೇವೆ. ಎಲ್ಲ ರೀಡ್‌ಗಳೂ ಒಂದೇ ಅಕ್ಷರದಲ್ಲಿ ತುಂಡಾದರೆ ಅಲ್ಲಿ ಏನೋ ಹೊಕ್ಕಿದೆ. ಜೀನ್‌ನ ಆಚೀಚೆಯ ಪ್ರೈಮರ್ ಹಾಕಿದ ಪಿಸಿಆರ್‌ನಲ್ಲಿ ಬ್ಯಾಂಡ್ ಹೊಕ್ಕ ತುಣುಕಿನಷ್ಟು ಉದ್ದವಾಗಿ, ಮೇಲೆ ನಿಲ್ಲುತ್ತದೆ.

ನಿರೋಧವನ್ನು ಊಹಿಸುವ ಮಾದರಿಗೆ ಎಕ್ಸ್‌ಜಿಬೂಸ್ಟ್ ಎಂಬ ಯಂತ್ರಕಲಿಕೆ ಪ್ರೋಗ್ರಾಂ ಬಳಸಿದೆವು. ಜೀನ್ ಇದೆಯೇ ಇಲ್ಲವೇ, ಎಂಜಿಆರ್‌ಬಿ ಇಡಿಯೋ ಮುರಿದದ್ದೋ, ಇಷ್ಟೇ ಕಂಬಗಳು. ಉತ್ತರದ ಕಂಬಕ್ಕೆ ಡಿಸ್ಕ್ ಪರೀಕ್ಷೆಯ (ಅಗಾರಿನ ಮೇಲೆ ಔಷಧಿಯ ಬಿಲ್ಲೆ ಇಡುವುದು) ಫಲಿತಾಂಶ ಸೇರಿಸಲಿಲ್ಲ. ಕೊಲಿಸ್ಟಿನ್‌ನ ದೊಡ್ಡ ಅಣು ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಔಷಧಿಯ ಬೇರೆ ಬೇರೆ ಪ್ರಮಾಣವಿರುವ ಬ್ರಾತ್‌ನಲ್ಲಿ ಬೆಳೆಸಿ ನೋಡುವ ಬ್ರಾತ್ ಮೈಕ್ರೊಡೈಲ್ಯೂಷನ್‌ನ ಎಂಐಸಿ (ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ) ಮಾತ್ರ, ಲೀಟರಿಗೆ 2 ಮಿ.ಗ್ರಾಂ. ದಾಟಿದರೆ ನಿರೋಧಕ.

ಬ್ಯಾಕ್ಟೀರಿಯಾಗಳನ್ನು ಚೀಟಿ ಎತ್ತಿದಂತೆ ಕಲಿಕೆಗೆ, ಪರೀಕ್ಷೆಗೆ ಹಂಚಿದರೆ ಅಂಕ ಮೇಲಕ್ಕೆ ಹೋಗುತ್ತದೆ, ಅದು ಮೋಸ. ಯಂತ್ರ ಕಲಿಯುವುದು ನಿರೋಧವನ್ನಲ್ಲ, ಕುಟುಂಬವನ್ನು: ಎಸ್‌ಟಿ231 (ಎಸ್‌ಟಿ ಎಂದರೆ ಬ್ಯಾಕ್ಟೀರಿಯಾದ ವಂಶದ ಗುಂಪು) ಕಂಡರೆ "ನಿರೋಧಕ" ಎನ್ನುತ್ತದೆ. ಒಂದೊಂದು ಎಸ್‌ಟಿಯನ್ನು ಇಡಿಯಾಗಿ ಹೊರಗಿಟ್ಟು ಪರೀಕ್ಷಿಸಿ. ಪೈಥಾನ್‌ನ ಸೈಕಿಟ್-ಲರ್ನ್ ಲೈಬ್ರರಿಯ ಗ್ರೂಪ್‌ಕೆಫೋಲ್ಡ್ ಅದಕ್ಕೇ ಇರುವುದು. ನೂರರಲ್ಲಿ ಎಂಟೇ ನಿರೋಧಕವಾಗಿದ್ದರೆ ಕಣ್ಣುಮುಚ್ಚಿ "ಔಷಧಿ ನಾಟುತ್ತದೆ" ಎಂದವನಿಗೂ 92 ಅಂಕ. ಆ ಎಂಟರಲ್ಲಿ ಎಷ್ಟು ಸಿಕ್ಕವು ಎಂಬುದನ್ನು ನೋಡಬೇಕು.

ಗಡಿಯವರಿಗೆ ಇನ್ನೊಂದು ತೊಡಕು. ಕಾಸರಗೋಡಿನಲ್ಲಿ ಮೂತ್ರ ಕೊಟ್ಟ ರೋಗಿ ಮರುವಾರ ಮಂಗಳೂರಿನಲ್ಲಿ ರಕ್ತ ಕೊಡುತ್ತಾರೆ. ಒಂದು ಚೀಟಿಯಲ್ಲಿ ಊರು ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಕುಂಬಳೆಯದೂ ಇದೇ ಪಾಡು. ಒಬ್ಬರದೇ ಬ್ಯಾಕ್ಟೀರಿಯಾ ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಕೂತುಬಿಡುತ್ತದೆ. ಹೆಸರು, ಊರು ನಂಬದೆ ಜೀನೋಮ್‌ಗಳ ನಡುವಿನ ಎಸ್‌ಎನ್‌ಪಿ (ಒಂದೊಂದು ಅಕ್ಷರದ ವ್ಯತ್ಯಾಸ) ಎಣಿಸಿ, ಬೆರಳೆಣಿಕೆಯ ವ್ಯತ್ಯಾಸವಿದ್ದ ಜೋಡಿಯಲ್ಲಿ ಒಂದನ್ನೇ ಉಳಿಸಿಕೊಂಡೆವು.

ಮಾದರಿ "ನಿರೋಧಕ" ಎಂದರೆ ವಾರ್ಡಿಗೆ ಎಚ್ಚರಿಕೆ ಹೋಗುತ್ತದೆ. "ನಾಟುತ್ತದೆ" ಎಂದರೆ ಏನನ್ನೂ ಕಳಿಸುವುದಿಲ್ಲ, ಮೈಕ್ರೊಡೈಲ್ಯೂಷನ್ ಪ್ಲೇಟು 16ರಿಂದ 20 ಗಂಟೆ ಇನ್‌ಕ್ಯುಬೇಟರಿನಲ್ಲಿದ್ದು ಹೊರಬರುವವರೆಗೆ ಕಾಯುತ್ತೇವೆ.