ಬಾಯಲ್ಲಿ ಹಿಡಿದದ್ದನ್ನು ಕೈಗೆ ಕೊಡುವ ಪಾಠ: ರಿಟ್ರೀವರ್ ಮರಿಯ ಮೊದಲ ತಿಂಗಳುಗಳು

ಎಂಟು ವಾರದ ಲ್ಯಾಬ್ರಡಾರ್ ರಿಟ್ರೀವರ್ ಮರಿ ಮನೆಗೆ ಬಂದ ಮೊದಲ ದಿನವೇ ಜಗಲಿಯಲ್ಲಿ ಬಿಟ್ಟ ಚಪ್ಪಲಿಯೊಂದನ್ನು ಕಚ್ಚಿಕೊಂಡು, ಬಾಲ ಅಲ್ಲಾಡಿಸುತ್ತಾ ನಡುಮನೆಗೆ ಬರುತ್ತದೆ. ಆಗ ಮನೆಯವರೆಲ್ಲ ಒಟ್ಟಿಗೆ ಕೂಗಿ, ಅಟ್ಟಿಸಿಕೊಂಡು ಹೋಗಿ, ಬಾಯಿ ಅಗಲಿಸಿ ಚಪ್ಪಲಿ ಕಿತ್ತುಕೊಂಡರೆ, ಆ ಮರಿಗೆ ಕಲಿಸಬಹುದಾದ ಅತ್ಯಂತ ಬೆಲೆಬಾಳುವ ಪಾಠವನ್ನು ಮೊದಲ ದಿನವೇ ಕೆಡಿಸಿದಂತಾಗುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆಗಿದ್ದ ನಾಯಿಗಳ ಸಂತತಿಯಿಂದ ಬಂದು, 1903ರಲ್ಲಿ ನಾಯಿತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ಬಿನ ಮಾನ್ಯತೆ ಪಡೆದ ಈ ತಳಿಯನ್ನು, ಬೇಟೆಗಾರ ಹೊಡೆದುರುಳಿಸಿದ ಹಕ್ಕಿಯನ್ನು ಗಾಯವಾಗದಂತೆ ಬಾಯಲ್ಲಿ ಹಿಡಿದು ತಂದು ಒಪ್ಪಿಸುವುದಕ್ಕೆಂದೇ ತಲೆಮಾರುಗಳ ಕಾಲ ಆರಿಸಿ ಬೆಳೆಸಲಾಗಿದೆ. ಎತ್ತಿಕೊಳ್ಳುವುದು ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ನಂಬಿಕೆಯಿಂದ ಕೈಗೆ ಕೊಡುವುದನ್ನು ಮಾತ್ರ ನಾವು ಕಲಿಸಬೇಕು.

ಆಲ್ದೂರಿನ ಕಡೆಯ ನಮ್ಮ ಕಾಫಿ ತೋಟದಲ್ಲಿ ನನ್ನ ಮೊದಲ ಲ್ಯಾಬ್ರಡಾರನ್ನು ನಾನು ಕಸಿದುಕೊಂಡೇ ಬೆಳೆಸಿದೆ. ಒಂದು ಮಳೆಗಾಲದ ಸಂಜೆ ಗೇಟಿನ ಬಳಿ ಯಾರೋ ತಿಂದು ಎಸೆದಿದ್ದ ಸುಟ್ಟ ಮೆಕ್ಕೆಜೋಳದ ದಿಂಡು ಅದಕ್ಕೆ ಸಿಕ್ಕಿತು. ನಾನು ಕೂಗುತ್ತಾ ಓಡಿದೆ. ನನ್ನನ್ನು ನೋಡಿದ ಕೂಡಲೇ ಅದು ಎರಡೇ ಬಾರಿ ಕಡಿದು ದಿಂಡನ್ನು ನುಂಗಿತು. ಜೋಳದ ದಿಂಡು ನಾಯಿಯ ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಅಡ್ಡ ಕೂರಬಹುದು. ಮೂರನೆಯ ದಿನ ಶಸ್ತ್ರಚಿಕಿತ್ಸೆ ಮಾಡಿಸಿ ಅದನ್ನು ಉಳಿಸಿಕೊಂಡೆವು. ಮನುಷ್ಯರು ಹತ್ತಿರ ಬಂದರೆ ಬಾಯಲ್ಲಿರುವುದನ್ನು ಬೇಗ ನುಂಗಬೇಕೆಂದು ಅದಕ್ಕೆ ಕಲಿಸಿದವನು ನಾನೇ. ಎರಡನೆಯ ಮರಿಯನ್ನು ಬೇರೆ ರೀತಿಯಲ್ಲಿ ಬೆಳೆಸಿದೆ, ಆ ರೀತಿಯನ್ನೇ ಇಲ್ಲಿ ವಿವರಿಸುತ್ತಿದ್ದೇನೆ.

ಒಳ್ಳೆಯ ಫಲ ಸಿಕ್ಕಿದ ನಡವಳಿಕೆಯನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ ಎಂಬುದು ಈ ಪದ್ಧತಿಯ ತಳಹದಿ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಪೆಟ್ಟಿಗೆಯಲ್ಲಿಟ್ಟ ಬೆಕ್ಕುಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ಗುರುತಿಸಿ 1898ರಲ್ಲಿ ಪ್ರಕಟಿಸಿದರು, ಅದೇ ದೇಶದ ಇನ್ನೊಬ್ಬ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಮುಂದೆ ಅದನ್ನು ವಿಸ್ತರಿಸಿದರು. ಆದರೆ ಫಲ ತಡವಾದರೆ ಯಾವ ಕೆಲಸಕ್ಕೆ ಅದು ಸಿಕ್ಕಿತೆಂಬುದು ಮರಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಒಂದು ಗುರುತಿನ ಮಾತು ಬೇಕು. ಕೆಲವರು ಕ್ಲಿಕ್ಕರ್ ಎಂಬ ಟಿಕ್ಕೆನ್ನುವ ಪುಟ್ಟ ಸಾಧನವನ್ನು ಬಳಸುತ್ತಾರೆ. ನಾನು 'ಭೇಷ್' ಎಂಬ ಪದವನ್ನು ಆರಿಸಿಕೊಂಡೆ, ಏಕೆಂದರೆ ಅದು ಗಿಡ್ಡ, ಅದರ ಕೊನೆಯ ಸದ್ದು ಸ್ಪಷ್ಟ, ಮತ್ತು ಮನೆಯ ದಿನನಿತ್ಯದ ಮಾತಿನಲ್ಲಿ ಅದು ಅಷ್ಟಾಗಿ ಬರುವುದಿಲ್ಲ. ಮೊದಲ ಎರಡು ದಿನ ಮರಿಯಿಂದ ಏನನ್ನೂ ಕೇಳದೆ, 'ಭೇಷ್' ಎಂದು ಹೇಳಿ ಮರುಕ್ಷಣವೇ ಒಂದು ತುಣುಕು ತಿನ್ನಿಸಿ. ಹತ್ತು ಹದಿನೈದು ಸಲ, ದಿನಕ್ಕೆ ಮೂರು ಹೊತ್ತು ಹೀಗೆ ಮಾಡಿದರೆ, ಬೇರೆಲ್ಲೋ ನೋಡುತ್ತಿರುವ ಮರಿಯೂ ಆ ಸದ್ದಿಗೆ ಥಟ್ಟನೆ ತಿರುಗುತ್ತದೆ. ಅಲ್ಲಿಗೆ ಆ ಮಾತಿಗೆ ಬೆಲೆ ಬಂದಿತೆಂದು ತಿಳಿಯಬಹುದು.

ತುಣುಕು ಕಡಲೆಬೇಳೆಯ ಗಾತ್ರಕ್ಕಿಂತ ದೊಡ್ಡದಿರಬಾರದು. ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ, ಪನೀರ್ ಎಲ್ಲವೂ ಆಗುತ್ತದೆ. ಮನೆಯೊಳಗಿನ ಸುಲಭ ಪಾಠಕ್ಕೆ ಅದರ ದಿನದ ಆಹಾರದ ಕಾಳೇ ಸಾಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪಾಠದಲ್ಲಿ ತಿನ್ನಿಸಿದಷ್ಟನ್ನು ಊಟದಿಂದ ಕಡಿಮೆ ಮಾಡುವುದನ್ನು ಮಾತ್ರ ಮರೆಯಬಾರದು. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ, ಹಸಿವನ್ನು ಹತೋಟಿಯಲ್ಲಿಡುವ ಜೀನ್ ಒಂದರಲ್ಲಿ ಲೋಪವಿರುತ್ತದೆಂದು ಕೇಂಬ್ರಿಡ್ಜಿನ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ತಿಂಡಿಯ ಆಸೆಯಿಂದ ಬೇಗ ಕಲಿಯುವ ಈ ತಳಿ ಬೇಗ ದಪ್ಪವಾಗುವುದೂ ಅದೇ ಆಸೆಯಿಂದ.

ಈಗ ಕೊಡುವ ಪಾಠಕ್ಕೆ ಬರೋಣ. ಮರಿಗೆ ಅಷ್ಟೇನೂ ಪ್ರೀತಿಯಿಲ್ಲದ ವಸ್ತುವೊಂದನ್ನು, ಉದಾಹರಣೆಗೆ ಗಂಟು ಹಾಕಿದ ಹಳೆಯ ಟವೆಲಿನ ತುಂಡನ್ನು, ಅದರ ಬಾಯಿಗೆ ಕೊಟ್ಟು, ಇನ್ನೊಂದು ತುದಿಯನ್ನು ಸಡಿಲವಾಗಿ ಹಿಡಿದುಕೊಂಡು ನೆಲದ ಮೇಲೆ ಕುಳಿತುಕೊಳ್ಳಿ. ನಿಂತು ಬಾಗಿದರೆ ಮರಿಗೆ ನಾವು ಎರಗಿದಂತೆ ಕಾಣುತ್ತದೆ. ಇನ್ನೊಂದು ಕೈಯಲ್ಲಿ ಕೋಳಿಯ ತುಣುಕನ್ನು ಅದರ ಮೂಗಿನ ಹತ್ತಿರ ತನ್ನಿ. ಮೂಗಿನ ಹೊಳ್ಳೆ ಅರಳುತ್ತದೆ, ದವಡೆ ಸಡಿಲಾಗುತ್ತದೆ, ಟವೆಲ್ ಜಾರುತ್ತದೆ. ಜಾರುವ ಆ ಕ್ಷಣದಲ್ಲೇ 'ಭೇಷ್' ಎಂದು ತುಣುಕನ್ನು ಕೊಟ್ಟು, ಮರಿ ಅದನ್ನು ನುಂಗಿದ ಕೂಡಲೇ ಟವೆಲನ್ನು ಮತ್ತೆ ಅದಕ್ಕೇ ಹಿಂದಿರುಗಿಸಿ. ಹೀಗೆ ಹಿಂದಿರುಗಿಸುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಪಾಠದ ಜೀವಾಳವೇ ಅದು. ಕೊಟ್ಟರೆ ತಿಂಡಿಯೂ ಸಿಗುತ್ತದೆ, ವಸ್ತುವೂ ಮರಳಿ ಬರುತ್ತದೆ ಎಂದು ತಿಳಿದ ಮರಿಗೆ ಬಚ್ಚಿಟ್ಟುಕೊಳ್ಳುವ ಅಗತ್ಯವೇ ಉಳಿಯುವುದಿಲ್ಲ.

ನಾಲ್ಕೈದು ದಿನಗಳಲ್ಲಿ ತುಣುಕು ಕಾಣಿಸುವ ಮೊದಲೇ ದವಡೆ ಸಡಿಲಾಗತೊಡಗುತ್ತದೆ. 'ಕೊಡು' ಎಂಬ ಮಾತನ್ನು ಸೇರಿಸಬೇಕಾದದ್ದು ಆಗ. ಅದಕ್ಕೂ ಮೊದಲು ಹೇಳಿದರೆ ಅರ್ಥವಿಲ್ಲದ ಸದ್ದಾಗಿ ಮರಿಯ ಕಿವಿಗೆ ಹಳತಾಗುತ್ತದೆ. ನಂತರ ವಸ್ತುಗಳ ಆಕರ್ಷಣೆಯನ್ನು ಹಂತಹಂತವಾಗಿ ಏರಿಸುತ್ತಾ ಟವೆಲಿನಿಂದ ಚೆಂಡಿಗೆ, ಚೆಂಡಿನಿಂದ ಚಪ್ಪಲಿಗೆ ಹೋಗಬಹುದು. ಮರಿ ಕದ್ದ ವಸ್ತುವಿನೊಂದಿಗೆ ಓಡಿದರೆ ಬೆನ್ನಟ್ಟದೆ, ವಿರುದ್ಧ ದಿಕ್ಕಿಗೆ ನಾಲ್ಕು ಹೆಜ್ಜೆ ನಡೆದು ಕುಕ್ಕರಗಾಲಲ್ಲಿ ಕುಳಿತರೆ ಸಾಮಾನ್ಯವಾಗಿ ಅದೇ ಹಿಂಬಾಲಿಸಿ ಬರುತ್ತದೆ. ಬಂದ ಮೇಲೆ ಒಂದು ಕಟುಮಾತನ್ನೂ ಆಡಬಾರದು, ಏಕೆಂದರೆ ಅದರ ಲೆಕ್ಕದಲ್ಲಿ ಬೈಗುಳ ಸಿಕ್ಕಿದ್ದು ಕದ್ದದ್ದಕ್ಕಲ್ಲ, ಹತ್ತಿರ ಬಂದದ್ದಕ್ಕೆ.

ಎಸೆದದ್ದನ್ನು ತರಿಸುವ ಆಟವನ್ನು ಬಯಲಿನಲ್ಲಿ ಆರಂಭಿಸುವುದು ತಪ್ಪು. ಮನೆಯ ಉದ್ದನೆಯ ಓಣಿಯೊಂದರ ಬಾಗಿಲುಗಳನ್ನೆಲ್ಲ ಮುಚ್ಚಿ, ಒಂದು ತುದಿಯಲ್ಲಿ ಕುಳಿತು, ಉಂಡೆ ಕಟ್ಟಿದ ಕಾಲುಚೀಲವನ್ನು ಆರೇಳು ಅಡಿ ದೂರಕ್ಕೆ ಉರುಳಿಸಿ. ಎತ್ತಿಕೊಂಡ ಮರಿಗೆ ನಮ್ಮ ಕಡೆಯ ಹೊರತು ಬೇರೆ ದಾರಿಯೇ ಇರುವುದಿಲ್ಲ. ಬಂದ ಕೂಡಲೇ ಬಾಯಿಗೆ ಕೈಹಾಕದೆ, ಅದು ಹಿಡಿದುಕೊಂಡಿರುವಾಗಲೇ ಎದೆ, ಕುತ್ತಿಗೆ ಸವರಿ, ಆಮೇಲೆ 'ಕೊಡು' ಎನ್ನಿ. ಒಂದು ಹೊತ್ತಿಗೆ ಮೂರು ಎಸೆತ ಸಾಕು. ಇನ್ನೊಮ್ಮೆ ಬೇಕೆಂದು ಮರಿ ಕಾತರಿಸುತ್ತಿರುವಾಗಲೇ ನಿಲ್ಲಿಸಬೇಕು. ನಾಲ್ಕು ತಿಂಗಳಿನ ಆಸುಪಾಸಿನಲ್ಲಿ ಹಾಲುಹಲ್ಲು ಬೀಳತೊಡಗಿದಾಗ ಒಸಡು ನೋಯುವುದರಿಂದ ಕೆಲವು ವಾರ ಈ ಆಟವನ್ನು ಬಿಟ್ಟು, ಹಲ್ಲಿಗೆ ತಂಪು ಕೊಡುವ ಒದ್ದೆಬಟ್ಟೆ ಕೊಡುವುದು ಒಳ್ಳೆಯದು.

ಕರೆಯುವ ಮಾತಿನ ಬಗ್ಗೆ ಮನೆಯವರೆಲ್ಲ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ನಮ್ಮಲ್ಲಿ ಅಮ್ಮ 'ಬಾರೋ' ಎನ್ನುತ್ತಿದ್ದರು, ತೋಟದ ಲೆಕ್ಕಪತ್ರ ನೋಡುವ ರೈಟರು 'ಇಲ್ಬಾ' ಎನ್ನುತ್ತಿದ್ದರು, ಮಕ್ಕಳು ಹೆಸರು ಕೂಗುತ್ತಿದ್ದರು. ಅಲ್ಲದೆ 'ಬಾ' ಎಂಬುದು ಮನೆಯಲ್ಲಿ ದಿನಕ್ಕೆ ನೂರು ಸಲ ಮನುಷ್ಯರಿಗೇ ಹೇಳುವ ಮಾತು. ಅದು ಎಸೆದದ್ದನ್ನು ತರಿಸುವಾಗ ಹೇಳುವ 'ತಾ' ಎಂಬುದಕ್ಕೂ ತೀರ ಹತ್ತಿರದ ಸದ್ದು. ಕೊನೆಗೆ ನಾವು ಸೀಟಿಗೆ ಬದಲಾದೆವು. ಸಿಲ್ವರ್ ಓಕ್ ಮರಗಳ ಮೇಲೆ ಜಡಿಮಳೆ ಸುರಿಯುವಾಗ ಮನುಷ್ಯರ ದನಿ ಇಪ್ಪತ್ತು ಅಡಿ ದಾಟದಿದ್ದರೂ ಸೀಟಿಯ ಸದ್ದು ಕಣಿವೆಯ ಆಚೆಗೂ ಕೇಳಿಸುತ್ತದೆ, ಮತ್ತು ಯಾರು ಊದಿದರೂ ಒಂದೇ ಆಗಿರುತ್ತದೆ. ಊಟದ ತಟ್ಟೆ ಇಡುವ ಮುನ್ನ ಎರಡು ಸಲ ಊದುವುದರಿಂದ ಆರಂಭಿಸಿ, ಮುಂದೆ ಮೂವತ್ತು ಅಡಿಯ ಹಗ್ಗ ಕಟ್ಟಿ ಅಂಗಳದಲ್ಲಿ, ಆಮೇಲೆ ತೋಟದ ರಸ್ತೆಯಲ್ಲಿ ಅಭ್ಯಾಸ ಮಾಡಿಸಬೇಕು. ಸಂಜೆಯ ಬಳಿಕ ಚಿರತೆ ಸುಳಿಯುವ ನಮ್ಮಂಥ ಕಡೆ ಈ ಕರೆಗೆ ತಪ್ಪದೆ ಬರುವ ನಾಯಿಯನ್ನೂ ಕತ್ತಲಾದ ಮೇಲೆ ಹೊರಗೆ ಬಿಡಬಾರದು.

ಮೂರರಿಂದ ಹದಿನಾಲ್ಕು ವಾರದ ನಡುವೆ ಮರಿ ಹೊಸ ಸದ್ದು, ಹೊಸ ಮನುಷ್ಯರನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ, ಆದರೆ ಮರಿಗಳ ಪ್ರಾಣಕ್ಕೇ ಎರವಾಗಬಲ್ಲ ಪಾರ್ವೊ ರೋಗದ ಲಸಿಕೆಗಳು ಮುಗಿಯುವುದು ಸುಮಾರು ಹದಿನಾರು ವಾರಕ್ಕೆ. ಆದ್ದರಿಂದ ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ನೆಲಕ್ಕೆ ಬಿಡದೆ, ತೋಳಿನಲ್ಲಿ ಎತ್ತಿಕೊಂಡೇ ಬಸ್ ನಿಲ್ದಾಣ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ, ಕಳೆ ಕೊಚ್ಚುವ ಯಂತ್ರದ ಸದ್ದು ಎಲ್ಲವನ್ನೂ ದೂರದಿಂದ ಪರಿಚಯಿಸಿ, ಪ್ರತಿ ಸದ್ದಿನ ಹಿಂದೆಯೇ ಒಂದು ತುಣುಕು ಕೊಡಬೇಕು.

ಮಳೆಗಾಲದಲ್ಲಿ ತಂದ ಮರಿ ಕೊಯ್ಲಿನ ಹೊತ್ತಿಗೆ ಐದಾರು ತಿಂಗಳಿನದಾಗಿ, ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಸಿಹಿ ವಾಸನೆಗೆ ಸೋಲುತ್ತದೆ. ಕಾಫಿಯಲ್ಲಿರುವ ಕೆಫೀನ್ ನಾಯಿಯ ಹೃದಯ ಮತ್ತು ನರಗಳಿಗೆ ಅಪಾಯಕಾರಿ. ಆ ದಿನಗಳಲ್ಲಿ ಹಗ್ಗ ಕಟ್ಟಿಯೇ ಕಣದ ಅಂಚಿಗೆ ಕರೆದೊಯ್ದು, ರಾಶಿಯಿಂದ ಹತ್ತು ಅಡಿ ದೂರದಲ್ಲಿ ಸುಮ್ಮನೆ ನಿಂತುಕೊಳ್ಳಿ. ಮರಿ ಎಳೆಯುತ್ತದೆ, ಮೂಸುತ್ತದೆ, ನಂತರ ಒಮ್ಮೆ ನಿಮ್ಮ ಮುಖದ ಕಡೆಗೆ ತಿರುಗುತ್ತದೆ. ಆ ತಿರುಗುವ ಕ್ಷಣಕ್ಕೆ 'ಭೇಷ್' ಎಂದು ನಿಮ್ಮಲ್ಲಿರುವ ಅತ್ಯುತ್ತಮ ತುಣುಕನ್ನು ಕೊಟ್ಟು, ಮರುದಿನ ಒಂದು ಅಡಿ ಹತ್ತಿರಕ್ಕೆ ನಿಂತು ಅದನ್ನೇ ಮತ್ತೆ ಮಾಡಿ.