ಕೊನೆಯ ಒಂದು ಕಿಲೋಮೀಟರ್

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ರೈಲು ಇಳಿದಾಗ ನನ್ನ ಜೊತೆ ಇಳಿದವರು ನಾಲ್ಕೇ ಜನ. ಎರಡು ನಿಮಿಷದಲ್ಲಿ ಅವರೂ ತಮ್ಮ ತಮ್ಮ ಕಾರು ಹತ್ತಿ ಹೊರಟುಹೋದರು. ಸ್ಟೇಷನ್ನಿನ ಬಾಗಿಲು ಹಾಕಿತ್ತು, ಟ್ಯಾಕ್ಸಿ ಒಂದೂ ಇರಲಿಲ್ಲ. ರೂಮು ಅಲ್ಲಿಂದ 1.3 ಕಿ.ಮೀ. ಮ್ಯಾಪಿನಲ್ಲಿ ಆ ದಾರಿ ಸಣ್ಣ ನೀಲಿ ಚುಕ್ಕಿಗಳ ಸಾಲಾಗಿ ಕಾಣುತ್ತಿತ್ತು. ನಡೆಯತೊಡಗಿದ ಮೇಲೆ ಗೊತ್ತಾಯಿತು: ಒಂದು ಪಕ್ಕ ಗೋದಾಮುಗಳ ಗೋಡೆ, ಇನ್ನೊಂದು ಪಕ್ಕ ಬರೀ ಕತ್ತಲು, ನಡುವೆ ರೈಲು ಹಳಿಯ ಕೆಳಗೆ ನುಸುಳಿ ಹೋಗುವ ಒಂದು ಸುರಂಗದಾರಿ. ಕಲ್ಲುಹಾಸಿನ ಮೇಲೆ ಸೂಟ್‌ಕೇಸಿನ ಗಾಲಿ ಕಟಕಟ ಅನ್ನುತ್ತಾ, ಇಲ್ಲೊಬ್ಬಳು ಬಂದಿದ್ದಾಳೆ ಅಂತ ಇಡೀ ಬೀದಿಗೆ ಸಾರುತ್ತಿತ್ತು. ರೂಮಿನ ಬಾಗಿಲಿಗೆ ನಂಬರ್ ಒತ್ತಿ ತೆಗೆಯುವ ಬೀಗ. ನಂಬರ್ ಮೆಸೇಜಿನಲ್ಲಿ ಬರಬೇಕಿತ್ತು, ಬಂದಿರಲಿಲ್ಲ. ಮಾಲೀಕರು ಫೋನ್ ಎತ್ತಲಿಲ್ಲ. ಫೋನಿನಲ್ಲಿ ಉಳಿದದ್ದು 6 ಪರ್ಸೆಂಟ್ ಚಾರ್ಜು. ನಲವತ್ತು ನಿಮಿಷ ಆ ಮೆಟ್ಟಿಲ ಮೇಲೆ ಕೂತಿದ್ದೆ. ಕೊನೆಗೆ ಮೇಲಿನ ಮನೆಯ ಹೆಂಗಸೊಬ್ಬರು ನಾಯಿ ಹಿಡಿದುಕೊಂಡು ಇಳಿದು ಬಂದರು. ನನ್ನ ಮುಖ ನೋಡಿ, ಏನೊಂದೂ ಕೇಳದೆ, ಒಳಗೆ ಕರೆದು ಕೂರಿಸಿ ತಮ್ಮ ಫೋನಿನಿಂದ ಮಾಲೀಕರಿಗೆ ಕರೆ ಮಾಡಿದರು.

ನನಗೆ ಏನೂ ಆಗಲಿಲ್ಲ. ಆದರೆ ಆ ನಲವತ್ತು ನಿಮಿಷ ನನ್ನ ತಿರುಗಾಟದ ರೀತಿಯನ್ನೇ ಬದಲಿಸಿತು. ಒಬ್ಬಳೇ ಹೊರಡುವ ಹೆಂಗಸರಿಗೆ ಒಳ್ಳೆಯ ಜಾಗ ಎಂಬ ಎಷ್ಟೋ ಪಟ್ಟಿಗಳಲ್ಲಿ ಆ ದೇಶದ ಹೆಸರಿತ್ತು. ಪಟ್ಟಿ ಸುಳ್ಳು ಹೇಳಿರಲಿಲ್ಲ. ಅದು ಇಡೀ ದೇಶದ ಮಾತು ಹೇಳಿತ್ತು, ನಾನು ಕೂತಿದ್ದದ್ದು ಒಂದು ಬೀದಿಯಲ್ಲಿ, ಒಂದು ಹೊತ್ತಿನಲ್ಲಿ. ಅವತ್ತಿನಿಂದ ಯಾವ ಊರು ಆರಿಸುವಾಗಲೂ ನಾನು ಮೊದಲು ನೋಡುವುದು ಇಳಿದ ಜಾಗದಿಂದ ಮಲಗುವ ಜಾಗದವರೆಗಿನ ಆ ಕೊನೆಯ ಒಂದು ಕಿಲೋಮೀಟರನ್ನು. ಮಿಕ್ಕದ್ದೆಲ್ಲ ಆಮೇಲೆ.

ನಮ್ಮಕ್ಕ ಈಗಲೂ ಪ್ರತಿ ಸಲ ಕೇಳುತ್ತಾಳೆ, "ಆ ದೇಶ ಸೇಫಾ?" ಅಂತ. "ಅಕ್ಕಾ, ದೇಶದ ಮಾತು ಆಮೇಲೆ. ನಾನು ಇಳಿಯೋದು ಮಧ್ಯಾಹ್ನ ಎರಡಕ್ಕೆ, ಸ್ಟೇಷನ್ನಿಂದ ರೂಮಿಗೆ ಏಳು ನಿಮಿಷದ ನಡಿಗೆ, ದಾರಿಯುದ್ದಕ್ಕೂ ಅಂಗಡಿಗಳಿವೆ," ಅಂತೀನಿ. ಅವಳಿಗೆ ಸಮಾಧಾನ ಆಗುವುದು ಈ ಉತ್ತರದಿಂದಲೇ. ನನಗೂ ಅಷ್ಟೇ.

ಹೀಗೆ ಹೊರಡಲು ಶುರುಮಾಡಿದಾಗ ನನಗೆ ನಲವತ್ತಮೂರು. ತಡವಾಯಿತೇನೋ ಎಂಬ ಅಳುಕಿತ್ತು. ಆಗ ನನಗೆ ಬಲ ಕೊಟ್ಟದ್ದು ಈಡಾ ಫೈಫರ್ ಎಂಬ ಹೆಣ್ಣುಮಗಳ ಬದುಕು. ವಿಯೆನ್ನಾದ ಆಕೆ ಮಕ್ಕಳು ದೊಡ್ಡವರಾದ ಮೇಲೆ, 1842ರಲ್ಲಿ, 44ನೇ ವಯಸ್ಸಿನಲ್ಲಿ ಒಬ್ಬರೇ ಮನೆಯಿಂದ ಹೊರಟರು. ಮುಂದಿನ ಹದಿಮೂರು ವರ್ಷಗಳಲ್ಲಿ ಎರಡು ಸಲ ಭೂಮಿ ಸುತ್ತಿ ಬಂದರು. ಫೋನಿಲ್ಲ, ಮ್ಯಾಪಿಲ್ಲ, ಕೈಯಲ್ಲಿ ಹೆಚ್ಚು ದುಡ್ಡೂ ಇರಲಿಲ್ಲ. ನಾನು ಯಾವ ಬಾಯಿಂದ ತಡವಾಯಿತು ಅನ್ನಲಿ!

ಮೊದಲ ಸಲಕ್ಕೆ ಲುಬ್ಲಿಯಾನಾ ಆರಿಸಿಕೊಂಡೆ, ಸ್ಲೊವೇನಿಯಾದ ರಾಜಧಾನಿ. ನಡೆದೇ ಮುಗಿಸಬಹುದಾದಷ್ಟು ಪುಟ್ಟ ಊರು. ಹಳೆಯ ಊರಿನೊಳಗೆ 2007ರಿಂದ ಕಾರು ಬಿಡುವುದನ್ನು ನಿಲ್ಲಿಸಿದ್ದಾರೆ. ಹಾಗಾಗಿ ಸಂಜೆ ನದಿಯ ಎರಡೂ ದಡದಲ್ಲಿ ಜನವೋ ಜನ: ಮಕ್ಕಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ತಾಯಂದಿರು, ಅಜ್ಜಿಯರು, ಒಬ್ಬರೇ ಕೂತು ಓದುತ್ತಿರುವ ಹೆಂಗಸರು. ರಾತ್ರಿ ಒಂಬತ್ತಕ್ಕೆ ಬೀದಿಯಲ್ಲಿ ಆರಾಮಾಗಿ ನಡೆಯುವ ಹೆಂಗಸರು ಕಂಡರೆ ಆ ಊರಿನ ಬಗ್ಗೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದೂ ಇದನ್ನೇ. ಹತ್ತು ದಿನಕ್ಕೆ ಆರು ಊರು ಬೇಡ. ನಡೆಯಬಲ್ಲ ಒಂದೇ ಊರಿನಲ್ಲಿ ನಾಲ್ಕು ರಾತ್ರಿ ಇರಿ. ಎರಡನೇ ದಿನಕ್ಕೆ ದಾರಿ ಗೊತ್ತಾಗುತ್ತದೆ, ಮೂರನೇ ದಿನ ಅಂಗಡಿಯವರು ನಿಮ್ಮ ಗುರುತು ಹಿಡಿದು ನಗುತ್ತಾರೆ. ಪರಿಚಯದ ಮುಖ ಒಂದಿದ್ದರೂ ಊರಿನ ಭಯ ಅರ್ಧ ಇಳಿಯುತ್ತದೆ.

ಜಪಾನಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸೇಫ್ ಅನ್ನುವ ಮಾತಿನೊಳಗೆ ಎಷ್ಟು ಪದರಗಳಿವೆ ಅಂತ ನನಗೆ ತಿಳಿದದ್ದು ಅಲ್ಲಿ. ಒಸಾಕಾದ ಮಿದೋಸುಜಿ ಮೆಟ್ರೋದಲ್ಲಿ ಕೆಲಸದ ದಿನಗಳಲ್ಲಿ ಒಂದು ಬೋಗಿ ಇಡೀ ದಿನ ಹೆಂಗಸರಿಗೇ ಮೀಸಲು. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಗುಲಾಬಿ ಬಣ್ಣದ ಗುರುತು, ಅಲ್ಲಿ ನಿಂತರೆ ಬಾಗಿಲು ಸರಿಯಾಗಿ ಎದುರಿಗೇ ಬರುತ್ತದೆ. ಟೋಕಿಯೋದ ಎಷ್ಟೋ ಮಾರ್ಗಗಳಲ್ಲಿ ಇದು ಹೆಚ್ಚಾಗಿ ಕೆಲಸದ ದಿನಗಳ ಬೆಳಗಿನ ರಶ್‌ಗೆ ಮಾತ್ರ. ಮೊದಲು ನೋಡಿದಾಗ ಎಂಥ ಒಳ್ಳೆಯ ವ್ಯವಸ್ಥೆ ಅನ್ನಿಸಿತು. ಆಮೇಲೆ ಹೊಳೆಯಿತು: ಈ ಬೋಗಿ ಬಂದದ್ದೇ ತುಂಬಿದ ರೈಲುಗಳಲ್ಲಿ ಹೆಂಗಸರ ಮೈಮುಟ್ಟುವ ಕಾಟದಿಂದ. ನಡುರಾತ್ರಿ ಗಲ್ಲಿಯಲ್ಲಿ ಹೆದರದೆ ನಡೆಯಬಹುದಾದ ಆ ನಾಡಿನಲ್ಲಿ ಬೆಳಗ್ಗೆ ಎಂಟರ ರೈಲಿಗೆ ಎಚ್ಚರ ಬೇಕು. ಅಂದರೆ ಅಪಾಯ ಪ್ರತಿ ಊರಿನಲ್ಲೂ ಬೇರೆ ವೇಷದಲ್ಲಿ ಇರುತ್ತದೆ. ಇಲ್ಲಿ ಅದು ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಎಂದು ಹೋಗುವ ಮೊದಲೇ ಕೇಳಿ ತಿಳಿಯಬೇಕು.

ಅಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಕೋಬಾನ್, ಅಂದರೆ ಬೀದಿ ಬದಿಯ ಪುಟ್ಟ ಪೊಲೀಸ್ ಠಾಣೆ. ರೈಲು ನಿಲ್ದಾಣಗಳ ಹತ್ತಿರ ಸಾಮಾನ್ಯವಾಗಿ ಒಂದಿರುತ್ತದೆ. ಕ್ಯೋಟೋದಲ್ಲಿ ಒಂದು ಸಂಜೆ ದಾರಿ ತಪ್ಪಿ ಒಳಗೆ ಹೋದೆ. ರೂಮಿನ ವಿಳಾಸವನ್ನು ಜಪಾನಿ ಲಿಪಿಯಲ್ಲಿ ಬರೆಸಿಟ್ಟುಕೊಂಡಿದ್ದ ಚೀಟಿ ತೋರಿಸಿದೆ. ಆ ಪೊಲೀಸಪ್ಪ ಟೋಪಿ ಸರಿಮಾಡಿಕೊಂಡು, ಗೋಡೆಯ ದೊಡ್ಡ ನಕ್ಷೆಯ ಮೇಲೆ ಬೆರಳಿಟ್ಟು ಹುಡುಕಿ, ಒಂದು ಹಾಳೆಯಲ್ಲಿ ಮೂರು ತಿರುವು ಬರೆದು, ಎರಡನೇ ತಿರುವಿನಲ್ಲಿ ಒಂದು ಮರವನ್ನೂ ಬಿಡಿಸಿಕೊಟ್ಟರು. ಆ ತಿರುವಿನಲ್ಲಿ ನಿಜಕ್ಕೂ ಒಂದು ಮರವಿತ್ತು. ಫೋನ್ ಸತ್ತರೂ ಕೆಲಸಕ್ಕೆ ಬರುವುದು ಇಂಥ ಚೀಟಿಯೇ. ಈಗ ಎಲ್ಲಿಗೆ ಹೋದರೂ ವಿಳಾಸವನ್ನು ಅಲ್ಲಿಯ ಲಿಪಿಯಲ್ಲಿ ಬರೆದು ಮೊಬೈಲಿನ ಕವರಿನೊಳಗೆ ಮಡಚಿಡುತ್ತೇನೆ.

ಐಸ್‌ಲ್ಯಾಂಡಿನದು ಬೇರೆಯೇ ಪಾಠ. ಜಾಗತಿಕ ಶಾಂತಿ ಸೂಚ್ಯಂಕದಲ್ಲಿ 2008ರಿಂದ ಮೊದಲ ಸ್ಥಾನದಲ್ಲೇ ಇರುವ ದೇಶ ಅದು. 1975ರ ಅಕ್ಟೋಬರ್ 24ರಂದು ಅಲ್ಲಿಯ ನೂರಕ್ಕೆ ತೊಂಬತ್ತು ಹೆಂಗಸರು ಮನೆಗೆಲಸ, ಕಚೇರಿ ಕೆಲಸ ಎರಡನ್ನೂ ಬಿಟ್ಟು ಬೀದಿಗೆ ಬಂದಿದ್ದರು. ಐದೇ ವರ್ಷದಲ್ಲಿ ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಚುನಾವಣೆ ಗೆದ್ದು ಅಧ್ಯಕ್ಷೆಯಾದರು. ಜನರ ಭಯ ನನಗೆ ಅಲ್ಲಿ ಒಂದು ಕ್ಷಣವೂ ಕಾಡಲಿಲ್ಲ. ಜೂನ್‌ನಲ್ಲಿ ಹೋಗಿದ್ದೆ. ಸೂರ್ಯ ಮುಳುಗುವುದೇ ನಡುರಾತ್ರಿಯ ಹೊತ್ತಿಗೆ, ಮುಳುಗಿದ ಮೇಲೂ ಪೂರಾ ಕತ್ತಲಾಗುವುದಿಲ್ಲ. ರಾಜಧಾನಿ ರೇಕ್ಯಾವಿಕ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಬಸ್ಸಿಳಿದು ನಡೆದ ಆ ಕೊನೆಯ ಒಂದು ಕಿಲೋಮೀಟರ್ ಹಗಲಿನ ಹಾಗೇ ಇತ್ತು. ಅದೇ ಊರಿನಲ್ಲಿ ಡಿಸೆಂಬರಿನ ಹಗಲು ನಾಲ್ಕು ಗಂಟೆಯಷ್ಟೇ. ಆದ್ದರಿಂದ ಎಲ್ಲಿಗೆ ಎನ್ನುವಷ್ಟೇ ಮುಖ್ಯ ಯಾವಾಗ ಎನ್ನುವುದು.

ಅಲ್ಲಿ ಅಪಾಯ ಇರುವುದು ಪ್ರಕೃತಿಯಿಂದ. ರೆಯ್ನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ತೀರದಲ್ಲಿ ಪುಟ್ಟ ಪುಟ್ಟ ಅಲೆಗಳ ನಡುವೆ ಇದ್ದಕ್ಕಿದ್ದಂತೆ ಒಂದು ದೊಡ್ಡ ಅಲೆ ನುಗ್ಗಿ ಬಂದು ಜನರನ್ನು ಎಳೆದೊಯ್ಯುತ್ತದೆ. ಪ್ರವಾಸಿಗರು ಅಲ್ಲಿ ಸತ್ತಿದ್ದಾರೆ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ ಅಂತ ಫಲಕವಿದೆ. ನಾನು ಫೋಟೋ ತೆಗೆಸಿಕೊಳ್ಳುವ ಆಸೆ ಬಿಟ್ಟು ಮೇಲೆ ದಿಬ್ಬದ ಮೇಲೇ ನಿಂತೆ. ಜೊತೆಗೆ ಕೈ ಹಿಡಿದೆಳೆಯುವವರು ಇಲ್ಲದಾಗ ನಮ್ಮ ಗೆರೆಯನ್ನು ಎರಡು ಹೆಜ್ಜೆ ಹಿಂದಕ್ಕೇ ಎಳೆದುಕೊಳ್ಳಬೇಕು. ಇನ್ನೊಂದು ಮಾತು: ನನಗೆ ಕಾರು ಓಡಿಸಲು ಬರುವುದಿಲ್ಲ. ರೇಕ್ಯಾವಿಕ್ ದಾಟಿದರೆ ಬಸ್ಸು ಕಡಿಮೆ. ದಿನದ ಟೂರ್ ಬಸ್ಸುಗಳನ್ನೇ ನೆಚ್ಚಿಕೊಂಡೆ. ಕಾರು ಓಡಿಸುವವರಿಗೆ ಆ ನಾಡು ಇನ್ನೂ ಎಷ್ಟೋ ಪಾಲು ಹೆಚ್ಚು ಕೊಡುತ್ತದೆ.

ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ಸ್ಪೇನಿನ ಕಮಿನೋ, ಸ್ಯಾಂಟಿಯಾಗೋ ಊರಿಗೆ ಹೋಗುವ ಹಳೆಯ ಯಾತ್ರೆಯ ದಾರಿ. ಫ್ರಾನ್ಸಿನ ಗಡಿಯಿಂದ ಪೂರ್ತಿ ನಡೆದರೆ ಸುಮಾರು 780 ಕಿ.ಮೀ. ನಾನು ಲಿಯೋನ್ ಊರಿನಿಂದ ಸುಮಾರು 310 ಕಿ.ಮೀ. ನಡೆದೆ, ಹದಿನೈದು ದಿನ. ದಾರಿ ತೋರಿಸುವುದು ಹಳದಿ ಬಾಣದ ಗುರುತು. ಗೋಡೆ, ಬಂಡೆ, ವಿದ್ಯುತ್ ಕಂಬ, ಎಲ್ಲೆಂದರಲ್ಲಿ. 1980ರ ದಶಕದಲ್ಲಿ ಎಲಿಯಾಸ್ ವಲೀನ್ಯಾ ಎಂಬ ಪಾದ್ರಿ ಡಬ್ಬಿಯಲ್ಲಿ ಬಣ್ಣ ಹಿಡಿದು ಬಳಿಯಲು ಶುರುಮಾಡಿದ ಬಾಣಗಳಿವು.

ಈ ದಾರಿ ಒಬ್ಬಳೇ ಹೋಗುವವಳಿಗೆ ಯಾಕೆ ಇಷ್ಟು ಒಗ್ಗುತ್ತದೆ ಎಂದು ನಡೆಯುತ್ತಲೇ ಯೋಚಿಸಿದೆ. ಎಲ್ಲರೂ ನಸುಕಿನಲ್ಲೇ ಹೊರಡುತ್ತಾರೆ, ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಯಾತ್ರಿಕರ ತಂಗುದಾಣ ಸೇರುತ್ತಾರೆ. ರಾತ್ರಿ ಹತ್ತಕ್ಕೆ ಅಲ್ಲಿ ದೀಪ ಆರುತ್ತದೆ, ಬಾಗಿಲು ಹಾಕುತ್ತದೆ. ಕತ್ತಲಲ್ಲಿ ರೂಮು ಹುಡುಕುವ ಪ್ರಮೇಯವೇ ಬರುವುದಿಲ್ಲ. ಕೈಯಲ್ಲಿ ಯಾತ್ರಿಕರ ಪಾಸ್‌ಪುಸ್ತಕ, ತಂಗಿದಲ್ಲೆಲ್ಲ ಅದಕ್ಕೊಂದು ಮುದ್ರೆ. ಕನಿಷ್ಠ 100 ಕಿ.ಮೀ. ನಡೆದವರಿಗೆ ಕೊನೆಯಲ್ಲಿ ಪ್ರಮಾಣಪತ್ರ ಸಿಗುತ್ತದೆ. ಈಚಿನ ವರ್ಷಗಳಲ್ಲಿ ಅದನ್ನು ಪಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ.

ಹಾಗಂತ ಇಲ್ಲಿ ಏನೂ ಆಗಿಲ್ಲ ಅಂತಲ್ಲ. 2015ರಲ್ಲಿ ಅಸ್ತೋರ್ಗದ ಹತ್ತಿರ ಒಬ್ಬರೇ ನಡೆಯುತ್ತಿದ್ದ ಅಮೆರಿಕದ ಯಾತ್ರಿಕಳೊಬ್ಬಳ ಕೊಲೆಯಾಯಿತು. ಕೊಂದವನಿಗೆ ಶಿಕ್ಷೆಯಾಗಿದೆ. ಇದು ಗೊತ್ತಿದ್ದೇ ನಾನು ಹೋದದ್ದು. ಅಸ್ತೋರ್ಗದಿಂದ ಹೊರಟ ಬೆಳಗ್ಗೆ ಮಂಜು ಕವಿದಿತ್ತು. ಹತ್ತು ಮಾರು ಮುಂದಿನದು ಕಾಣುತ್ತಿರಲಿಲ್ಲ. ತಂಗುದಾಣದ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದಾಗ, ಅರವತ್ತು ದಾಟಿದ ಇಬ್ಬರು ಗೆಳತಿಯರು ಊರುಗೋಲು ಸರಿಮಾಡಿಕೊಳ್ಳುತ್ತಿದ್ದರು. ಇವತ್ತು ನಿಮ್ಮ ಹಿಂದೆ ಹಿಂದೆ ನಡೆಯಲಾ ಎಂದು ಹರಕುಮುರುಕು ಭಾಷೆಯಲ್ಲಿ ಕೇಳಿದೆ. ಅವರಲ್ಲೊಬ್ಬರು ಹಿಂದೆ ಬೇಡ ಅನ್ನುವಂತೆ ತಲೆಯಾಡಿಸಿ, ನನ್ನ ತೋಳು ಹಿಡಿದು ನಡುವೆ ನಿಲ್ಲಿಸಿಕೊಂಡರು. ಇಡೀ ಬೆಳಗ್ಗೆ ನಾವು ಆಡಿದ ಮಾತು ಇಪ್ಪತ್ತೂ ಇರಲಿಕ್ಕಿಲ್ಲ. ಎರಡೂ ಪಕ್ಕ ಊರುಗೋಲಿನ ತುದಿ ಕಲ್ಲಿಗೆ ತಾಗುವ ಟಕ್ ಟಕ್ ಮಾತ್ರ. ಮಾರನೆಯ ದಿನ ಮಂಜಿರಲಿಲ್ಲ, ಬೆಟ್ಟ ಹತ್ತುವಾಗ ಒಬ್ಬಳೇ ನಡೆದೆ. ಬೆಟ್ಟದ ಮೇಲೆ, ಎತ್ತರದ ಕಂಬದ ತುದಿಗೆ ಕಬ್ಬಿಣದ ಶಿಲುಬೆಯಿರುವ ಕಡೆ, ಎಲ್ಲರೂ ಊರಿಂದ ತಂದ ಕಲ್ಲೊಂದನ್ನು ಇಟ್ಟು ಹೋಗುತ್ತಾರೆ. ನಾನೂ ಒಂದನ್ನು ಇಟ್ಟೆ. ಏನು ನೆನೆದು ಇಟ್ಟೆ ಎಂಬುದು ನನ್ನಲ್ಲೇ ಇರಲಿ.

ಒಬ್ಬಳೇ ಹೋಗುವುದೆಂದರೆ ಇಡೀ ದಿನ ಒಂಟಿಯಾಗಿಯೇ ಇರಬೇಕೆಂದಿಲ್ಲ. ಯಾವಾಗ ಜೊತೆ ಬೇಕು, ಯಾವಾಗ ಬೇಡ ಎಂದು ನಾನೇ ತೀರ್ಮಾನಿಸಬಲ್ಲೆ. ಮೂವತ್ತು ವರ್ಷ ಮನೆಯವರ ಗಡಿಯಾರಕ್ಕೆ ನಡೆದವಳಿಗೆ ಇದೆಷ್ಟು ದೊಡ್ಡದು ಅಂತ ಹೇಳಿ ತಿಳಿಸಲಾರೆ. ಗಲಿಸಿಯಾ ಸೀಮೆ ಹೊಕ್ಕ ಮೇಲೆ ದಾರಿಬದಿಯ ಕಲ್ಲುಗಳ ಮೇಲೆ ಉಳಿದ ದೂರವನ್ನು ಮೀಟರಿನ ಲೆಕ್ಕದವರೆಗೂ ಕೆತ್ತಿದ್ದಾರೆ. ಪ್ರತಿ ಕಲ್ಲಿನ ಮುಂದೆಯೂ ಇಷ್ಟು ಬೇಗ ಮುಗಿಯುತ್ತಿದೆಯಲ್ಲ ಅಂತ ಸಂಕಟವಾಗುತ್ತಿತ್ತು.

ಸಣ್ಣಪುಟ್ಟ ಅಭ್ಯಾಸಗಳನ್ನು ಬೇಗ ಹೇಳಿಬಿಡುತ್ತೇನೆ. ರೂಮಿನ ರಿವ್ಯೂ ಓದುವಾಗ ಒಬ್ಬರೇ ಬಂದವರು ಬರೆದದ್ದನ್ನು ಬೇರ್ಪಡಿಸಿ, ಕಡಿಮೆ ಸ್ಟಾರ್ ಕೊಟ್ಟವರಿಂದ ಶುರುಮಾಡುತ್ತೇನೆ. "ರಾತ್ರಿ", "ಬೀಗ", "ಕತ್ತಲು" ಎಂಬ ಮಾತು ಎರಡು ಕಡೆ ಕಂಡರೆ ಆ ರೂಮು ಬೇಡ. ನೆಲಮಹಡಿಯ ರೂಮು ಬೇಡ. ಕೌಂಟರಿನಲ್ಲಿ ನನ್ನ ರೂಮ್ ನಂಬರನ್ನು ಗಟ್ಟಿಯಾಗಿ ಹೇಳಿದರೆ ಬೇರೆ ರೂಮು ಕೇಳುತ್ತೇನೆ. ಬಾಗಿಲ ಸಂದಿಗೆ ಒಳಗಿಂದ ಸಿಕ್ಕಿಸುವ ರಬ್ಬರ್ ಬೆಣೆಯೊಂದು ಯಾವಾಗಲೂ ಬ್ಯಾಗಿನಲ್ಲಿರುತ್ತದೆ. ಒಬ್ಬಳೇನಾ ಎಂದು ಕೇಳಿದವರಿಗೆಲ್ಲ ನಿಜ ಹೇಳುವ ಹಂಗಿಲ್ಲ; "ಇಲ್ಲ, ನಮ್ಮವರು ಬರ್ತಾ ಇದ್ದಾರೆ" ಅಂದುಬಿಡುತ್ತೇನೆ. ಫೋಟೋ ಹಾಕುವುದು ಆ ಊರು ಬಿಟ್ಟ ಮೇಲೆ. ತುರ್ತು ನಂಬರ್ ಮೊದಲೇ ಬಾಯಿಪಾಠ: ಐರೋಪ್ಯ ಒಕ್ಕೂಟದ ದೇಶಗಳಲ್ಲೆಲ್ಲ ಮತ್ತು ಐಸ್‌ಲ್ಯಾಂಡಿನಲ್ಲಿ 112, ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸಿಗೆ 119.

ಒಂದನ್ನು ಮಾತ್ರ ಒತ್ತಿ ಹೇಳಬೇಕು. ಬಜೆಟ್ಟಿನಲ್ಲಿ ಒಂದು ಟ್ಯಾಕ್ಸಿಗೆ, ಬೇರೆ ಕಡೆ ಒಂದು ರಾತ್ರಿ ತಂಗಲು ಸಾಲುವಷ್ಟು ದುಡ್ಡನ್ನು ಪ್ರತ್ಯೇಕ ತೆಗೆದಿಡಿ. ಬಿಟ್ಟುಹೋಗುವ ದುಡ್ಡು ಅಂತ ನಾನದನ್ನು ಕರೆಯುತ್ತೇನೆ. ಒಂದು ಹಾಸ್ಟೆಲಿನಲ್ಲಿ ಒಬ್ಬಾತ ಎರಡು ಸಲ ನನ್ನ ಕೋಣೆಯ ಬಾಗಿಲವರೆಗೂ ಹಿಂಬಾಲಿಸಿ ಬಂದ. ತಪ್ಪು ಎನ್ನುವಂಥದ್ದೇನೂ ಅವನು ಮಾಡಿರಲಿಲ್ಲ, ಆದರೆ ನನ್ನ ಹೊಟ್ಟೆಯಲ್ಲಿ ಏನೋ ತಳಮಳ. ಕಾರಣ ಹುಡುಕುತ್ತಾ ಕೂರಲಿಲ್ಲ. ಹತ್ತು ನಿಮಿಷದಲ್ಲಿ ಬ್ಯಾಗು ಕಟ್ಟಿ ಬೇರೆ ಕಡೆ ಹೋದೆ. ಮೂರು ರಾತ್ರಿಯ ಮುಂಗಡ ಹೋಯಿತು. ಹೊಸ ರೂಮಿನಲ್ಲಿ ಬೆಳಗಿನವರೆಗೆ ಗಾಢ ನಿದ್ದೆ ಬಂತು.

ಮುಂದಿನದು ಮತ್ತೆ ಜಪಾನ್, ಕುಮಾನೋ ಕೋದೋ ಎಂಬ ಬೆಟ್ಟದ ಯಾತ್ರಾದಾರಿ. ಕಮಿನೋದ ಹಾಗೆಯೇ ಇದೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, 2004ರಿಂದ. ಎರಡನ್ನೂ ನಡೆದವರಿಗೆ ಜೋಡಿ ಯಾತ್ರಿಕರು ಎಂಬ ಮಾನ್ಯತೆ ಕೊಡುತ್ತಾರೆ. ದಾರಿಯಲ್ಲಿ ತಂಗುವ ಒಂದು ಮನೆಗೆ ಹೋದ ವಾರ ಪತ್ರ ಬರೆದು, ಬಸ್ಸು ನಿಲ್ಲುವ ಜಾಗದಿಂದ ನಿಮ್ಮ ಬಾಗಿಲಿಗೆ ಎಷ್ಟು ನಿಮಿಷ, ದಾರಿಯಲ್ಲಿ ದೀಪ ಇದೆಯೇ ಎಂದು ಕೇಳಿದ್ದೆ. ನಿನ್ನೆ ಉತ್ತರ ಬಂತು. ಕೈಯಲ್ಲಿ ಬಿಡಿಸಿದ ನಕ್ಷೆಯ ಫೋಟೋ: ಬಸ್ ಸ್ಟಾಪು, ಸೇತುವೆ, ಮನೆ. ಸೇತುವೆಯ ಪಕ್ಕದಲ್ಲಿ ಒಂದು ಗೊಂಬೆ ಚಿತ್ರ, ಕೆಳಗೆ ಒಂದು ಸಾಲು: "ಕತ್ತಲಾದರೆ ನಾನು ಟಾರ್ಚ್ ಹಿಡಿದು ಇಲ್ಲಿ ನಿಂತಿರುತ್ತೇನೆ."