ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಸಿಕ್ಕ ಜ್ವರ

ನನ್ನ ಮಗಳಿಗೆ ತಿಂಗಳಿಗೊಮ್ಮೆ ಜ್ವರ ಬರುತ್ತಿತ್ತು. ಎರಡೂವರೆ ವರ್ಷಕ್ಕೆ ಶುರುವಾಗಿದ್ದು, ಅದಕ್ಕೊಂದು ಹೆಸರು ಸಿಕ್ಕಿದ್ದು ನಾಲ್ಕು ತುಂಬುವ ಹೊತ್ತಿಗೆ. ಅಷ್ಟರಲ್ಲಿ ಹೆಚ್ಚುಕಡಿಮೆ 85 ಸಾವಿರ ಖರ್ಚಾಗಿತ್ತು. "ಮಕ್ಕಳು ಅಂದ ಮೇಲೆ ಜ್ವರ ಬರಲ್ವಾ, ನೀನು ಸುಮ್ನೆ ತಲೆ ಕೆಡಿಸ್ಕೊಳ್ತೀಯ" ಅಂದವರೇ ಈಗ ಫೋನ್ ಮಾಡಿ ಜ್ವರದ ದಿನಗಳ ಪಟ್ಟಿ ಹೇಗೆ ಬರೆದೆ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪ್ಯಾರಸಿಟಮಾಲ್ ಎಷ್ಟು ಕೊಡಬೇಕು, ಒದ್ದೆ ಬಟ್ಟೆಯಲ್ಲಿ ಹೇಗೆ ಒರೆಸಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ನಮ್ಮದು ದಾವಣಗೆರೆ. ಅವಳ ಜ್ವರ ಬರುತ್ತಿದ್ದ ರೀತಿಯೇ ಬೇರೆ. ಆಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಬಂದು ನನ್ನ ತೊಡೆಯ ಮೇಲೆ ಮಲಗಿಬಿಡುತ್ತಿದ್ದಳು. ಕಣ್ಣು ಮಂಕು, ಅಂಗೈ ತಣ್ಣಗೆ. ಎರಡು ಗಂಟೆಯೊಳಗೆ 103, 104. ನೆಗಡಿ ಇಲ್ಲ, ಕೆಮ್ಮು ಇಲ್ಲ. ಗಂಟಲು ಕೆಂಪಗೆ, ದವಡೆಯ ಕೆಳಗೆ ಎರಡೂ ಕಡೆ ಗೋಲಿಯಷ್ಟು ಗಂಟು, ಕೆಳದುಟಿಯ ಒಳಗೆ ಅಕ್ಕಿಕಾಳಿನಷ್ಟು ಬಿಳಿ ಹುಣ್ಣು. ಔಷಧಿಗೆ 101ಕ್ಕೆ ಇಳಿದು, ನಾಲ್ಕು ಗಂಟೆಯೊಳಗೆ ಮತ್ತೆ ಏರುತ್ತಿತ್ತು. ಐದನೇ ದಿನ ಬೆಳಗ್ಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಎದ್ದು ದೋಸೆ ಕೇಳುತ್ತಿದ್ದಳು.

ಮೊದಲ ಏಳು ತಿಂಗಳು ದುಡ್ಡು ನೀರಿನ ಹಾಗೆ ಹೋಯಿತು. ಎರಡನೇ ಸಲಕ್ಕೆ ವಿಡಾಲ್ ಅನ್ನುವ ರಕ್ತ ಪರೀಕ್ಷೆ ಮಾಡಿ ಟೈಫಾಯ್ಡ್ ಅಂದರು. ಮೂರನೇ ಸಲಕ್ಕೂ ಟೈಫಾಯ್ಡ್. ಅಡ್ಮಿಟ್ ಮಾಡಿ ಕೈಗೆ ಸೂಜಿ ಚುಚ್ಚಿ, ದಿನಕ್ಕೆ ಎರಡು ಇಂಜೆಕ್ಷನ್, 22 ಸಾವಿರ. ನಮ್ಮ ಕಡೆ ವಿಡಾಲ್ ಒಂದನ್ನೇ ನಂಬಿ ಟೈಫಾಯ್ಡ್ ಅನ್ನುವ ಹಾಗಿಲ್ಲ, ಖಚಿತ ಆಗಬೇಕಾದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ರಕ್ತ ತೆಗೆದು ಕಲ್ಚರ್‌ಗೆ, ಅಂದರೆ ಅದರಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ, ಕಳಿಸಬೇಕು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ಆರನೇ ಸಲಕ್ಕೆ ಬೇರೆ ನರ್ಸಿಂಗ್ ಹೋಮ್, ಟಾನ್ಸಿಲ್ ಸೋಂಕು ಅಂತ 18 ಸಾವಿರ. ಪ್ರತಿ ಸಲ ಮೂರನೇ ದಿನ ಆಂಟಿಬಯಾಟಿಕ್ ಶುರುವಾಗುತ್ತಿತ್ತು, ಐದನೇ ದಿನ ಜ್ವರ ಇಳಿಯುತ್ತಿತ್ತು, ಹೆಸರು ಆಂಟಿಬಯಾಟಿಕ್‌ಗೆ ಬರುತ್ತಿತ್ತು. ಕೊಡದೇ ಇದ್ದಿದ್ದರೂ ಐದನೇ ದಿನ ಇಳಿಯುತ್ತಿತ್ತು ಅಲ್ವಾ? ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೂತ್ರ ಪರೀಕ್ಷೆ, ಎದೆಯ ಎಕ್ಸ್‌ರೇ, ಟಿಬಿಗೆ ಕೈಮೇಲೆ ಚುಚ್ಚುವ ಪರೀಕ್ಷೆ, ಡೆಂಗ್ಯೂ ಎರಡು ಸಲ, ಎಲ್ಲವೂ ಆಯಿತು. ಏನೂ ಸಿಗಲಿಲ್ಲ. ನೀರಿನ ಫಿಲ್ಟರ್ ಬದಲಾಯಿಸಿದೆವು. ಪ್ಲೇ ಹೋಮ್ ಬಿಡಿಸಿದೆವು. ಅಲ್ಲಿಗೆ ಹೋಗದೆ ಮನೆಯಲ್ಲೇ ಇದ್ದರೂ ಜ್ವರ ತನ್ನ ದಿನಕ್ಕೆ ಬಂತು.

ಡಿಸೆಂಬರ್ ಕೊನೆಯ ದಿನ ಹಾಲಿನವರಿಗೆ ಲೆಕ್ಕ ಕೊಡಲು ಕೂತಿದ್ದೆ. ನಮ್ಮಲ್ಲಿ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಹಾಲಿನ ಲೆಕ್ಕ. ದಿನಾ ಒಂದು ಲೀಟರ್, ಅದಕ್ಕೊಂದು ಗೀಟು. ಮಗು ಜ್ವರದಲ್ಲಿ ಹಾಲು ಮುಟ್ಟುತ್ತಿರಲಿಲ್ಲ, ಹಾಗಾಗಿ ಆ ದಿನಗಳಲ್ಲಿ ಅರ್ಧ ಲೀಟರ್, ಆ ಚೌಕದಲ್ಲಿ ½ ಅಂತ ಬರೆದಿರುತ್ತಿದ್ದೆ. ಡಿಸೆಂಬರಿನಲ್ಲಿ ನಾಲ್ಕು ½ ಒಟ್ಟಿಗೆ ಇದ್ದವು. ನವೆಂಬರ್ ಹಾಳೆ ಎತ್ತಿದೆ, ಐದು ½ ಒಟ್ಟಿಗೆ. ಅಕ್ಟೋಬರಿನಲ್ಲೂ ಹಾಗೇ. ನಿಂತಲ್ಲೇ ಜೂನ್‌ವರೆಗೆ ಹಾಳೆ ಎತ್ತಿದೆ. ಪ್ರತಿ ಹಾಳೆಯಲ್ಲೂ ಒಂದೇ ಒಂದು ಗುಂಪು. ಆಗಸ್ಟಿನಲ್ಲಿ ಮಾತ್ರ ಎರಡಿದ್ದವು, ಒಂದು ನಾವು ಊರಿಗೆ ಹೋಗಿದ್ದ ವಾರದ್ದು. ಅದನ್ನು ತೆಗೆದರೆ ಲೆಕ್ಕ ಪಕ್ಕಾ. ಒಲೆಯ ಮೇಲಿದ್ದ ಸಾರು ಸೀದು ವಾಸನೆ ಬಂದ ಮೇಲೇ ನನಗೆ ಎಚ್ಚರ ಆಗಿದ್ದು.

ಮರುದಿನವೇ ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಂದೆ. ಅಲ್ಲೂ ಮೊದಲು ತಪ್ಪು ಮಾಡಿದೆ. ಜ್ವರ ಬಿಟ್ಟ ದಿನದಿಂದ ಮುಂದಿನ ಜ್ವರದವರೆಗೆ ಎಣಿಸುತ್ತಿದ್ದೆ. ಅಂಕಿ ಎಲ್ಲೆಲ್ಲೋ ಹೋಗುತ್ತಿತ್ತು, ಯಾಕೆಂದರೆ ಒಂದು ಸಲ ನಾಲ್ಕು ದಿನ, ಇನ್ನೊಂದು ಸಲ ಆರು ದಿನ ಇರುತ್ತಿತ್ತು. ಶುರುವಾದ ದಿನದಿಂದ ಶುರುವಾದ ದಿನಕ್ಕೆ ಎಣಿಸಬೇಕು. ಹಾಗೆ ಎಣಿಸಿದ ಮೇಲೆ 28, 26, 27, 25, 28 ಅಂತ ಬಂತು.

ಅತ್ತೆ ಇದನ್ನು ನೋಡಿ "ನಾನು ಹೇಳ್ಲಿಲ್ವೇನವ್ವಾ, ಅಮಾಸಿಗೆ ಬರೋ ಜ್ವರ ಇದು" ಅಂದರು. ಅವರು ಅಂದುಕೊಂಡಿದ್ದಕ್ಕೂ ಕಾರಣ ಇತ್ತು, ಆ ಸಲ ಅಮಾವಾಸ್ಯೆಯ ದಿನವೇ ಬಂದಿತ್ತು. ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು, ನಾನು ಬೇಡ ಅನ್ನಲಿಲ್ಲ. ಆದರೆ ನೋಟ್‌ಬುಕ್‌ನಲ್ಲಿ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದು ಅಮಾವಾಸ್ಯೆ, ಹುಣ್ಣಿಮೆಯನ್ನೂ ಬರೆಯತೊಡಗಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಇವಳ ಜ್ವರಕ್ಕೆ ಹೆಚ್ಚುಕಡಿಮೆ 27. ಪ್ರತಿ ಸಲ ಎರಡು ಮೂರು ದಿನ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಐದನೇ ಸಲಕ್ಕೆ ಹುಣ್ಣಿಮೆಯ ಹತ್ತಿರ ಬಂದು ನಿಂತಿತ್ತು. ಅತ್ತೆಗೆ ತೋರಿಸಿದೆ. ಅವತ್ತಿನಿಂದ ನನ್ನ ಜೊತೆ ಅವರೂ ದಿನ ಎಣಿಸುತ್ತಾರೆ.

ಥರ್ಮಾಮೀಟರ್ ಬಗ್ಗೆಯೂ ಒಂದು ಮಾತು. ಹಣೆಗೆ ಹಿಡಿಯುವ ಗನ್ ಮತ್ತು ಕಂಕುಳಲ್ಲಿ ಇಡುವ ಡಿಜಿಟಲ್, ಎರಡನ್ನೂ ಒಂದು ಜ್ವರ ಪೂರ್ತಿ ಒಟ್ಟೊಟ್ಟಿಗೆ ನೋಡಿದೆ. ನನ್ನ ಗನ್ ಫ್ಯಾನಿನ ಕೆಳಗೆ ಒಂದೊಂದು ಸಲ ಒಂದೂವರೆ ಡಿಗ್ರಿ ಕಡಿಮೆ ತೋರಿಸುತ್ತಿತ್ತು. 1,400 ಕೊಟ್ಟು ತಂದಿದ್ದನ್ನು ಎತ್ತಿಟ್ಟು, 150ರದ್ದನ್ನೇ ಇಟ್ಟುಕೊಂಡೆ. ಗಂಟಲಿನ ಫೋಟೋ ದಿನಕ್ಕೊಂದು, ಒಂದೇ ಕಿಟಕಿಯ ಹತ್ತಿರ, ಫೋನ್ ಟಾರ್ಚ್ ಹಾಕಿ ತೆಗೆಯುತ್ತಿದ್ದೆ. ಅಷ್ಟು ಹೊತ್ತು ಅವಳು ಬಾಯಿ ಹೇಗೆ ತೆರೆದುಕೊಂಡು ಇರುತ್ತಿದ್ದಳು ಅನ್ನೋದು ನಮ್ಮಿಬ್ಬರ ಗುಟ್ಟು, ಅದನ್ನು ಯಾರಿಗೂ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ.

ನನ್ನ ಪ್ರಕಾರ ನಾನು ಮಾಡಿದ ದೊಡ್ಡ ಕೆಲಸ ಇನ್ನೊಂದಿದೆ. ಮಗು ಚೆನ್ನಾಗಿರುವಾಗಲೂ ರಕ್ತ ಪರೀಕ್ಷೆ ಮಾಡಿಸಿದೆ. ಲ್ಯಾಬಿನವರು "ಆಡ್ತಾ ಇರೋ ಮಗುಗೆ ಯಾಕಮ್ಮಾ ಸೂಜಿ" ಅಂದರು. ನಮ್ಮ ಮನೆಯವರಿಗೂ ಇಷ್ಟ ಇರಲಿಲ್ಲ. ಜ್ವರದ ಎರಡನೇ ದಿನ ಸಿಆರ್‌ಪಿ, ಅಂದರೆ ಮೈಯೊಳಗೆ ಉರಿಯೂತ ಎಷ್ಟಿದೆ ಅಂತ ತೋರಿಸುವ ಅಂಕಿ, 96ರ ಆಸುಪಾಸು ಇತ್ತು. ಎರಡು ವಾರ ಬಿಟ್ಟು ಮಾಡಿಸಿದರೆ 3ಕ್ಕಿಂತ ಕಡಿಮೆ. ಈ ಎರಡು ಕಾಗದ ಅಕ್ಕಪಕ್ಕ ಇಟ್ಟಾಗಲೇ ನಮ್ಮ ಮಕ್ಕಳ ಡಾಕ್ಟರ್ ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತಿದ್ದು. ಅಲ್ಲಿಯವರೆಗೆ ನೋಟ್‌ಬುಕ್ ತೆರೆದೂ ನೋಡಿರಲಿಲ್ಲ. ಅವರೇ ಬೆಂಗಳೂರಿನ ಮಕ್ಕಳ ರುಮಟಾಲಜಿ (ಕೀಲು, ಉರಿಯೂತದ ಕಾಯಿಲೆ ನೋಡುವ) ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಅಲ್ಲಿನ ಡಾಕ್ಟರಮ್ಮ ನೋಟ್‌ಬುಕ್ಕನ್ನು ಹತ್ತು ನಿಮಿಷ ಓದಿದರು, ಆಮೇಲೆ ಕೇಳಿದ ಮೊದಲ ಪ್ರಶ್ನೆ ಎತ್ತರ, ತೂಕ ಸರಿಯಾಗಿ ಏರುತ್ತಿದೆಯಾ ಅಂತ. ತಾಯಿ ಕಾರ್ಡ್ ಜೊತೆಗೇ ಇತ್ತು, ತೋರಿಸಿದೆ. ಏರುತ್ತಿತ್ತು. ಆಗ ಅವರ ಬಾಯಿಂದ ಪಿಎಫ್‌ಎಪಿಎ ಅನ್ನುವ ಹೆಸರು ಬಂತು. 1987ರಲ್ಲಿ ಅಮೆರಿಕದ ಡಾಕ್ಟರುಗಳು ಮೊದಲು ಬರೆದ ಕಾಯಿಲೆ. ಲೆಕ್ಕ ಇಟ್ಟ ಹಾಗೆ ಬರುವ ಜ್ವರ, ಬಾಯಿಹುಣ್ಣು, ಗಂಟಲು ನೋವು, ಕುತ್ತಿಗೆಯ ಗಂಟು. ಸೋಂಕು ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಆಂಟಿಬಯಾಟಿಕ್‌ಗೆ ಜಗ್ಗಲ್ಲ, ಬಹಳ ಮಕ್ಕಳಲ್ಲಿ ಬೆಳೆಯುತ್ತಾ ತಾನೇ ಹೋಗುತ್ತದೆ. ನಾನು ಅಲ್ಲೇ ಅತ್ತುಬಿಟ್ಟೆ.

ಆದರೆ ಇದಕ್ಕೆ ಅಂತಲೇ ಒಂದು ರಕ್ತ ಪರೀಕ್ಷೆ ಇಲ್ಲ. ಬೇರೆಯವನ್ನು ಒಂದೊಂದಾಗಿ ಅಲ್ಲಗಳೆಯಬೇಕು. ಸುಮಾರು 21 ದಿನಕ್ಕೊಮ್ಮೆ ಬಿಳಿ ರಕ್ತಕಣದ ಒಂದು ಬಗೆ ಪೂರ್ತಿ ಕುಸಿಯುವ ಕಾಯಿಲೆಯೊಂದಿದೆ, ಅದರಲ್ಲೂ ಹೀಗೇ ಜ್ವರ, ಬಾಯಿಹುಣ್ಣು ಬರುತ್ತದೆ. ಅದು ಅಲ್ಲ ಅಂತ ಗೊತ್ತಾಗಲು ವಾರಕ್ಕೆ ಎರಡು ಸಲ, ಆರು ವಾರ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ. ಹನ್ನೆರಡು ಸಲ ಸೂಜಿ. ಅದೇ ಈ ಇಡೀ ಕಥೆಯಲ್ಲಿ ಕಷ್ಟದ ಭಾಗ. ಏಳನೇ ಸಲಕ್ಕೆ ಲ್ಯಾಬಿನ ಬೀದಿ ತಿರುಗಿದರೇ ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು. ಒಟ್ಟು 2,500ರೊಳಗೆ ಮುಗಿಸಿದೆ, ದರ ಹೇಗೆ ಇಳಿಸಿದೆ ಅಂತ ಬರೆದರೆ ಆ ಲ್ಯಾಬಿನವರಿಗೆ ತೊಂದರೆ, ಅದು ಬೇಡ. ಕಣ ಒಮ್ಮೆಯೂ ಕುಸಿಯಲಿಲ್ಲ.

ಆಮೇಲೆ ಸ್ಟೀರಾಯ್ಡ್. ಮುಂದಿನ ಜ್ವರ ಶುರುವಾದ ದಿನ ಒಂದೇ ಒಂದು ಡೋಸ್ ಪ್ರೆಡ್ನಿಸೊಲೋನ್ ಕೊಟ್ಟು ನೋಡಬೇಕು ಅಂದರು. ಡೋಸ್ ಎಷ್ಟು ಅಂತ ಇಲ್ಲಿ ಬರೆಯಲ್ಲ, ಕೇಳಬೇಡಿ. ಪರೀಕ್ಷೆ ಎಲ್ಲ ಮುಗಿಯುವ ಮೊದಲು ಕೊಟ್ಟರೆ ಬೇರೆ ದೊಡ್ಡ ಕಾಯಿಲೆ ಇದ್ದರೆ ಅದನ್ನೂ ಸ್ಟೀರಾಯ್ಡ್ ಮುಚ್ಚಿಬಿಡಬಹುದು, ಅದಕ್ಕೇ ಡಾಕ್ಟರಮ್ಮ ಅಷ್ಟು ದಿನ ಕಾಯಿಸಿದ್ದು. ನೋಟ್‌ಬುಕ್ ನೋಡಿ 14ರಿಂದ 17ನೇ ತಾರೀಖಿನೊಳಗೆ ಬರುತ್ತದೆ ಅಂತ ಮನೆಯವರಿಗೆ ಮೊದಲೇ ಹೇಳಿದ್ದೆ. 15ಕ್ಕೆ ಬಂತು. ಸಂಜೆ ನಾಲ್ಕಕ್ಕೆ 103.4, ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿ ಕೊಟ್ಟೆ. ಏಳಕ್ಕೆ 101. ಒಂಬತ್ತೂವರೆಗೆ 98.8. ನಾಲ್ಕು ದಿನ ಮಲಗಿರಬೇಕಾದ ಮಗು ರಾತ್ರಿ ಹತ್ತಕ್ಕೆ ಎದ್ದು ಕೂತು ಮಂಡಕ್ಕಿ ತಿಂದಳು. ನಮ್ಮ ಮನೆಯವರು ನೋಟ್‌ಬುಕ್ ತೆಗೆದುಕೊಂಡು ಆ ಅಂಕಿಯನ್ನು ತಮ್ಮ ಕೈಯಾರೆ ಬರೆದರು.

ಅದರಲ್ಲೂ ಒಂದು ತೊಡಕಿದೆ. ಮುಂದಿನ ಜ್ವರ 19ನೇ ದಿನಕ್ಕೇ ಬಂತು. ಕೆಲವು ಮಕ್ಕಳಲ್ಲಿ ಸ್ಟೀರಾಯ್ಡ್ ಕೊಟ್ಟ ಮೇಲೆ ಅಂತರ ಕಡಿಮೆ ಆಗುತ್ತದೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹಾಗಾಗಿ ಪ್ರತಿ ಸಲ ಕೊಡಲ್ಲ. ಮನೆಯಲ್ಲಿ ಮದುವೆ, ದೂರದ ಪ್ರಯಾಣ ಇದ್ದಾಗ ಅವರನ್ನು ಕೇಳಿ ಕೊಡುತ್ತೇನೆ. ಉಳಿದಂತೆ ಪ್ಯಾರಸಿಟಮಾಲ್, ತಣ್ಣನೆ ರಾಗಿ ಅಂಬಲಿ, ಹುಣ್ಣಿಗೆ ತುಪ್ಪ. ಹಾಗಂತ ಬರುವ ಜ್ವರ ಎಲ್ಲ ಅದೇ ಅಂತಲೂ ಬಿಡಲ್ಲ. ಕೆಮ್ಮು ಇದ್ದರೆ, ಮೈಮೇಲೆ ಗುಳ್ಳೆ ಎದ್ದರೆ, ತಾರೀಖು ಹೊಂದದಿದ್ದರೆ ಡಾಕ್ಟರ್ ಹತ್ತಿರ ಹೋಗುತ್ತೇನೆ. ಹೋದ ಮಳೆಗಾಲದಲ್ಲಿ ಹಾಗೆ ಹೋಗಿದ್ದಕ್ಕೇ ಡೆಂಗ್ಯೂ ಬೇಗ ಸಿಕ್ಕಿತು.

ಈಗ ಅವಳಿಗೆ ಐದೂವರೆ. ಜ್ವರದ ಅಂತರ 40 ದಿನ ಆಯಿತು, 45 ಆಯಿತು, ಕೊನೆಯದು 52. ಟಾನ್ಸಿಲ್ ತೆಗೆಸಿದರೆ ಬಹಳ ಮಕ್ಕಳಿಗೆ ನಿಲ್ಲುತ್ತದಂತೆ, ಕಿವಿ ಮೂಗು ಗಂಟಲಿನ ಡಾಕ್ಟರನ್ನೂ ಕಂಡು ಬಂದಿದ್ದೇವೆ. ಅಂತರ ಮತ್ತೆ 30ಕ್ಕೆ ಇಳಿದರೆ ದಸರಾ ರಜೆಯಲ್ಲಿ ಮಾಡಿಸೋಣ, ಇಲ್ಲದಿದ್ದರೆ ಬೇಡ ಅಂತ ಮನೆಯಲ್ಲಿ ಮಾತಾಗಿದೆ. ಇವತ್ತಿಗೆ 57ನೇ ದಿನ.